ಗಂಟೆಯ ದಾರಿ, ಮಾತಿನ ದಾರಿ: ವೈ-ಫೈ ದೂರವಾಣಿ ವ್ಯವಸ್ಥೆಗೆ ನೆಟ್‌ವರ್ಕ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹೊಸ ವೈ-ಫೈ ಫೋನುಗಳನ್ನು ಚಾಲೂ ಮಾಡಿದ ಮೊದಲ ಸಂಜೆ, ಎರಡನೆಯ ಮಹಡಿಯ ಸಿಸ್ಟರ್ ಒಬ್ಬರು ನೆಲಮಹಡಿಯ ಔಷಧ ವಿಭಾಗಕ್ಕೆ ಕರೆ ಮಾಡಿದರು. ಗಂಟೆ ಬಾರಿಸಿತು, ಅತ್ತ ಕಡೆಯವರು ಎತ್ತಿದರು, ಎರಡೂ ಪರದೆಗಳ ಮೇಲೆ ಸೆಕೆಂಡುಗಳು ಓಡತೊಡಗಿದವು. ಆದರೆ ಇಬ್ಬರೂ “ಹಲೋ, ಹಲೋ” ಎಂದು ಕೂಗುತ್ತಿದ್ದರೇ ಹೊರತು ಒಬ್ಬರ ದನಿ ಇನ್ನೊಬ್ಬರಿಗೆ ಕೇಳಲಿಲ್ಲ. ಅದೇ ಫೋನಿನಿಂದ ಹೊರಗಿನ ಮೊಬೈಲಿಗೆ ಕರೆ ಮಾಡಿದಾಗ ಮಾತು ಎರಡೂ ಕಡೆ ಸ್ಪಷ್ಟವಾಗಿತ್ತು. ತಪ್ಪು ನನ್ನದೇ ಆಗಿತ್ತು, ಅದು ಎಲ್ಲಿತ್ತೆಂಬುದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಇಂಥ ವ್ಯವಸ್ಥೆಯಲ್ಲಿ ಗಂಟೆ ಬಾರಿಸುವ ಕೆಲಸವನ್ನು ಮಾಡುವುದು ಸಿಪ್ ಎಂಬ ಸಂಕೇತ ವಿಧಾನ. ಅದು ಹ್ಯಾಂಡ್‌ಸೆಟ್ಟಿನಿಂದ ಪಿಬಿಎಕ್ಸ್‌ಗೆ, ಅಂದರೆ ಸಂಸ್ಥೆಯ ಕರೆಗಳನ್ನು ಜೋಡಿಸುವ ಸ್ವಂತ ಎಕ್ಸ್‌ಚೇಂಜ್‌ಗೆ, ಅಲ್ಲಿಂದ ಇನ್ನೊಂದು ಹ್ಯಾಂಡ್‌ಸೆಟ್ಟಿಗೆ ಹೋಗುತ್ತದೆ. ಮಾತನ್ನು ಹೊರುವುದು ಆರ್‌ಟಿಪಿ ಎಂಬ ಇನ್ನೊಂದು ವಿಧಾನ. ಅದು ಸೆಕೆಂಡಿಗೆ ಸಾಮಾನ್ಯವಾಗಿ 50 ಪುಟ್ಟ ಪ್ಯಾಕೆಟ್‌ಗಳಾಗಿ, ಅನೇಕ ಸಲ ಪಿಬಿಎಕ್ಸ್ ಅನ್ನು ಮುಟ್ಟದೆ ನೇರವಾಗಿ ಫೋನಿನಿಂದ ಫೋನಿಗೆ ಹರಿಯುತ್ತದೆ. ಸಂಕೇತದ ಪ್ಯಾಕೆಟ್ ಕಳೆದುಹೋದರೆ ಮತ್ತೆ ಕಳಿಸಲು ಸಮಯವಿರುತ್ತದೆ, ಮಾತಿನ ಪ್ಯಾಕೆಟ್‌ಗೆ ಆ ಸಮಯವಿಲ್ಲ. ಆದ್ದರಿಂದ ಫೋನ್ ನೋಂದಣಿಯಾಯಿತು, ಗಂಟೆ ಬಾರಿಸಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮುಂದೆ ಬರುವ ಪ್ರತಿಯೊಂದು ಸೆಟ್ಟಿಂಗನ್ನೂ “ಇದು ಗಂಟೆಯ ದಾರಿಯದೋ ಮಾತಿನ ದಾರಿಯದೋ” ಎಂದು ಕೇಳಿಕೊಂಡೇ ತುಂಬಬೇಕು.

ಇಲ್ಲಿ ಹೇಳುತ್ತಿರುವುದು ಕಟ್ಟಡದೊಳಗೇ ಸ್ವಂತ ಪಿಬಿಎಕ್ಸ್ ಇಟ್ಟುಕೊಂಡು ವೈ-ಫೈ ಹ್ಯಾಂಡ್‌ಸೆಟ್‌ಗಳನ್ನು ಬಳಸುವ ವ್ಯವಸ್ಥೆಯ ಬಗ್ಗೆ. ಮೊಬೈಲ್ ಕಂಪನಿಗಳ ವೈ-ಫೈ ಕಾಲಿಂಗ್ ಬೇರೆಯೇ ಸಂಗತಿ. ಪಿಬಿಎಕ್ಸ್ ಅನ್ನು ಕ್ಲೌಡಿನಲ್ಲಿ ಇಡಬಹುದೆಂಬುದು ನಿಜ, ಆದರೆ ರಸ್ತೆ ಅಗೆತ ನಿತ್ಯದ ಮಾತಾಗಿರುವ ನಮ್ಮ ಊರಿನಲ್ಲಿ ಫೈಬರ್ ತುಂಡಾದ ಮಧ್ಯಾಹ್ನವೂ ವಾರ್ಡಿನಿಂದ ಲ್ಯಾಬಿಗೆ ಕರೆ ಹೋಗಬೇಕೆಂದರೆ ಅದು ಕಟ್ಟಡದೊಳಗೇ ಇರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮೊದಲು ನಡೆದು ನೋಡಿ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಹ್ಯಾಂಡ್‌ಸೆಟ್ ಹಿಡಿದು ಕಟ್ಟಡವನ್ನೆಲ್ಲ ಸುತ್ತಬೇಕು. ಲ್ಯಾಪ್‌ಟಾಪಿನ ಆಂಟೆನಾ ದೊಡ್ಡದು, ಅದು ತೋರಿಸುವ ಬಲ ಫೋನಿಗೆ ಸಿಗುವುದಿಲ್ಲ. ಬಹುತೇಕ ವೈ-ಫೈ ಹ್ಯಾಂಡ್‌ಸೆಟ್‌ಗಳ ಮೆನುವಿನಲ್ಲಿ ಸೈಟ್ ಸರ್ವೆ ಎಂಬ ಆಯ್ಕೆ ಇರುತ್ತದೆ, ಅದನ್ನೇ ಬಳಸಿ. ಮಾತಾಡುವವರು ನಿಲ್ಲುವ, ನಡೆಯುವ ಎಲ್ಲ ಜಾಗದಲ್ಲೂ ಬಲ −67 ಡಿಬಿಎಂಗಿಂತ ಕೆಳಗೆ ಇಳಿಯಬಾರದು (ಈ ಅಳತೆಯಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು), ಗದ್ದಲಕ್ಕಿಂತ ಸಂಕೇತ 25 ಡೆಸಿಬೆಲ್‌ನಷ್ಟಾದರೂ ಮೇಲಿರಬೇಕು. ವೆಬ್ ಪುಟ ತೆರೆಯಲು −75 ಸಾಕಾದೀತು, ಮಾತಿಗೆ ಸಾಲದು. ಅಲ್ಲದೆ ವೈ-ಫೈ ಸಂಕೇತ ಬೀರುವ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟ್ ಒಂದರ ಬಲ −67ಕ್ಕೆ ಇಳಿಯುವ ಜಾಗದಲ್ಲಿ ಇನ್ನೊಂದರ ಬಲ ಅಷ್ಟೇ ಆಗಲೇ ದೊರಕಿರಬೇಕು, ಇಲ್ಲವಾದರೆ ನಡೆಯುತ್ತ ಮಾತಾಡುವವರು ಅಲ್ಲಿ ತಡವರಿಸುತ್ತಾರೆ.

ಬೆಂಗಳೂರಿನ ಕಟ್ಟಡಗಳು ಒಂದೇ ಬಗೆಯವಲ್ಲ. ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಯನ್ನು 5 ಗಿಗಾಹರ್ಟ್ಸ್ ಸಂಕೇತ ಕಷ್ಟಪಟ್ಟು ದಾಟುತ್ತದೆ. ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ಗೋಡೆಗಿಂತ ಕಬ್ಬಿಣದ ಕಪಾಟುಗಳ ಸಾಲು ಹೆಚ್ಚು ಕಾಟ ಕೊಡುತ್ತದೆ, ಮತ್ತು ಆ ಕಪಾಟುಗಳಲ್ಲಿ ಮಾಲು ತುಂಬಿದ ದಿನ ಅಳತೆಯೇ ಬೇರೆಯಾಗುತ್ತದೆ, ಆದ್ದರಿಂದ ಖಾಲಿ ಗೋದಾಮನ್ನು ಅಳೆದು ನಂಬಿ ಕೂರಬಾರದು. ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ಕೋಣೆಯ ಗೋಡೆ, ಬಾಗಿಲುಗಳಲ್ಲಿ ಸೀಸದ ಹಾಳೆ ಇರುತ್ತದೆ. ಹೊರಗಿನ ಓಣಿಯಲ್ಲಿ ಎಷ್ಟೇ ಬಲವಿದ್ದರೂ ಬಾಗಿಲು ಮುಚ್ಚಿದ ಕೂಡಲೇ ಒಳಗೆ ಕರೆ ಕಡಿಯುತ್ತದೆ. ಅದಕ್ಕೆ ಆ ಕೋಣೆಯೊಳಗೇ ಒಂದು ಆಕ್ಸೆಸ್ ಪಾಯಿಂಟ್ ಬೇಕು. ಹಾಗೆಯೇ ಫೋನನ್ನು ಜೇಬಿನಲ್ಲಿಟ್ಟು ಒಮ್ಮೆ, ಕಿವಿಗೆ ಹಿಡಿದು ಒಮ್ಮೆ ಅಳೆಯಿರಿ. ಮನುಷ್ಯನ ಮೈಯೂ ಒಂದು ಗೋಡೆಯೇ.

ಚಾನೆಲ್ ಮತ್ತು ಬಲ

ಮಾತಿಗೆ 5 ಗಿಗಾಹರ್ಟ್ಸ್ ಪಟ್ಟಿಯನ್ನೇ ಮೀಸಲಿಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಅಕ್ಕಪಕ್ಕದ ಮನೆಗಳ ರೂಟರ್, ಬ್ಲೂಟೂತ್, ಕ್ಯಾಂಟೀನಿನ ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಕಿಕ್ಕಿರಿದಿರುತ್ತವೆ. ಭಾರತದಲ್ಲಿ 2018ರ ಅಧಿಸೂಚನೆಯ ನಂತರ 5 ಗಿಗಾಹರ್ಟ್ಸ್‌ನಲ್ಲಿ 5150–5350, 5470–5725 ಮತ್ತು 5725–5875 ಮೆಗಾಹರ್ಟ್ಸ್ ಭಾಗಗಳಿಗೆ ಪರವಾನಗಿ ಬೇಕಿಲ್ಲ. ಆಕ್ಸೆಸ್ ಪಾಯಿಂಟ್‌ಗಳನ್ನೆಲ್ಲ ಒಂದೇ ಕಡೆಯಿಂದ ನಿಯಂತ್ರಿಸುವ ಕಂಟ್ರೋಲರಿನಲ್ಲಿ ದೇಶವನ್ನು ಭಾರತ ಎಂದು ಆರಿಸಿದ ಮೇಲಷ್ಟೇ ಉಳಿದ ಆಯ್ಕೆಗಳನ್ನು ನೋಡಿ, ಏಕೆಂದರೆ ಚಾನೆಲ್‌ಗಳ ಪಟ್ಟಿಯೂ ಗರಿಷ್ಠ ಬಲವೂ ಅದರಿಂದಲೇ ನಿಶ್ಚಯವಾಗುತ್ತವೆ.

ಆದರೆ ಪಟ್ಟಿಯಲ್ಲಿ ಇರುವ ಚಾನೆಲ್‌ಗಳೆಲ್ಲ ಮಾತಿಗೆ ಒಗ್ಗುವುದಿಲ್ಲ. 52ರಿಂದ 144ರವರೆಗಿನವು ರೇಡಾರ್‌ಗೆ ದಾರಿ ಬಿಟ್ಟುಕೊಡಬೇಕಾದ ಡಿಎಫ್‌ಎಸ್ ಚಾನೆಲ್‌ಗಳು. ರೇಡಾರ್ ಸುಳಿವು ಸಿಕ್ಕರೆ ಆಕ್ಸೆಸ್ ಪಾಯಿಂಟ್ ನಡುಮಾತಿನಲ್ಲೇ ಚಾನೆಲ್ ಬಿಟ್ಟು ಓಡುತ್ತದೆ. ಹೊಸ ಡಿಎಫ್‌ಎಸ್ ಚಾನೆಲ್ ಹಿಡಿಯುವ ಮುನ್ನ ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕಾಯಬೇಕಾಗುತ್ತದೆ. ಇದಕ್ಕಿಂತ ಗುಟ್ಟಾದ ತೊಂದರೆ ಇನ್ನೊಂದಿದೆ: ಆ ಚಾನೆಲ್‌ಗಳಲ್ಲಿ ಹ್ಯಾಂಡ್‌ಸೆಟ್ ತಾನಾಗಿ “ಯಾರಿದ್ದೀರಿ” ಎಂದು ಕೇಳುವಂತಿಲ್ಲ, ಆಕ್ಸೆಸ್ ಪಾಯಿಂಟ್ ತನ್ನ ಇರವನ್ನು ಸಾರಲು ಸುಮಾರು 102 ಮಿಲಿಸೆಕೆಂಡಿಗೊಮ್ಮೆ ಕಳಿಸುವ ಬೀಕನ್‌ಗಾಗಿ ಕಾಯಬೇಕು, ಹೀಗಾಗಿ ಪಕ್ಕದ ಆಕ್ಸೆಸ್ ಪಾಯಿಂಟನ್ನು ಹುಡುಕುವುದೇ ತಡವಾಗುತ್ತದೆ. 36, 40, 44, 48 ಮತ್ತು 149, 153, 157, 161 ಎಂಬ ಎಂಟು ಚಾನೆಲ್‌ಗಳಲ್ಲಿ ಮೂರು ಮಹಡಿಯ ಕಟ್ಟಡವನ್ನು ನಿಭಾಯಿಸಬಹುದು. ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೇ ಇಡಿ. ಅಗಲ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆಂಬ ಆಸೆ ಇರುತ್ತದೆ, ಆದರೆ ಮಾತನ್ನು ಅಂಕಿಗಳಾಗಿಸುವ ಜಿ.711 ಕೋಡೆಕ್‌ನ ಒಂದು ಕರೆಗೆ ಪ್ಯಾಕೆಟ್‌ಗಳ ಶಿರೋಭಾಗಗಳೂ ಸೇರಿ ಒಂದು ದಿಕ್ಕಿಗೆ ಸೆಕೆಂಡಿಗೆ 80 ಕಿಲೋಬಿಟ್ ಸಾಕು; ನಮಗೆ ಬೇಕಾಗಿರುವುದು ವೇಗವಲ್ಲ, ಖಾಲಿ ಗಾಳಿ.

ಆಕ್ಸೆಸ್ ಪಾಯಿಂಟಿನ ಬಲವನ್ನು ತುದಿಗೆ ಏರಿಸಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಅದು ಮೈಕ್ ಹಿಡಿದು ಕೂಗಿದರೆ ಪುಟ್ಟ ಹ್ಯಾಂಡ್‌ಸೆಟ್ಟಿಗೆ ಕೇಳಿಸುತ್ತದೆ, ಹ್ಯಾಂಡ್‌ಸೆಟ್ಟಿನ ಪಿಸುಮಾತು ಮಾತ್ರ ಅತ್ತ ಮುಟ್ಟುವುದಿಲ್ಲ. ಪರಿಣಾಮವಾಗಿ ಪರದೆಯ ಮೇಲೆ ಸಿಗ್ನಲ್ ಕಡ್ಡಿಗಳು ತುಂಬಿರುವಾಗಲೇ ದನಿ ಒಂದೇ ಕಡೆಗೆ ಕೇಳುತ್ತದೆ. ಹ್ಯಾಂಡ್‌ಸೆಟ್ಟಿನ ಬಲ ಎಷ್ಟೆಂದು ಅದರ ಕೈಪಿಡಿಯಲ್ಲಿ ನೋಡಿ, ಆಕ್ಸೆಸ್ ಪಾಯಿಂಟಿನ ಮೇಲ್ಮಿತಿಯನ್ನು ಅದರ ಆಸುಪಾಸಿಗೇ ಕಟ್ಟಿಹಾಕಿ. ಜೊತೆಗೆ ಕಡಿಮೆ ವೇಗದ ದರಗಳನ್ನು ತೆಗೆದುಹಾಕಿ, ಕನಿಷ್ಠ ದರವನ್ನು 12 ಮೆಗಾಬಿಟ್‌ಗೆ ಇರಿಸಿದರೆ ದೂರದ ಫೋನ್ ಒಂದು ನಿಧಾನವಾಗಿ ಮಾತಾಡುತ್ತ ಎಲ್ಲರ ಗಾಳಿಯನ್ನೂ ತಿನ್ನುವುದು ತಪ್ಪುತ್ತದೆ.

ತಂತಿ, ಸ್ವಿಚ್, ವಿ-ಲ್ಯಾನ್

ತಂತಿರಹಿತ ವ್ಯವಸ್ಥೆಗೂ ತಂತಿಯೇ ಬೆನ್ನೆಲುಬು. ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೋದವರು ಕೇಬಲ್ ಸುರುಳಿಯ ಬೆಲೆಯನ್ನಷ್ಟೇ ನೋಡದೆ ಒಂದು ತುದಿಯನ್ನು ಚಾಕುವಿನಿಂದ ಕೆರೆದು ನೋಡಬೇಕು. ಕೆಂಪಿನಡಿ ಬಿಳಿ ಹೊಳೆದರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ. ಕೇಬಲ್‌ನಲ್ಲೇ ವಿದ್ಯುತ್ ಸಾಗಿಸುವ ಪಿಓಇಗೆ ಅದು ಯೋಗ್ಯವಲ್ಲ, ದೂರ ಹೆಚ್ಚಿದಂತೆ ವೋಲ್ಟೇಜ್ ಇಳಿದು ಆಕ್ಸೆಸ್ ಪಾಯಿಂಟ್ ಕಾರಣವೇ ತಿಳಿಯದಂತೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಸ್ವಿಚ್ ಕೊಳ್ಳುವಾಗ ಪೋರ್ಟಿಗೆ 15.4 ವ್ಯಾಟ್ ಕೊಡುವ 802.3ಎಎಫ್ ಸಾಕೇ, 30 ವ್ಯಾಟ್‌ನ 802.3ಎಟಿ ಬೇಕೇ ಎಂಬುದನ್ನೂ ಎಲ್ಲ ಪೋರ್ಟ್‌ಗಳಿಗೂ ಸೇರಿ ಸ್ವಿಚ್ ಕೊಡಬಲ್ಲ ಒಟ್ಟು ವ್ಯಾಟ್ ಎಷ್ಟೆಂಬುದನ್ನೂ ಲೆಕ್ಕ ಹಾಕಿ.

ಮಾತಿಗೆ ಪ್ರತ್ಯೇಕ ವಿ-ಲ್ಯಾನ್, ಅಂದರೆ ಅದೇ ತಂತಿಗಳ ಮೇಲೆ ಬೇರ್ಪಡಿಸಿದ ಜಾಲ, ಕೊಡಿ. ಉದಾಹರಣೆಗೆ ಕಚೇರಿಯ ಕಂಪ್ಯೂಟರ್‌ಗಳಿಗೆ 10, ಫೋನುಗಳಿಗೆ 20, ಅತಿಥಿಗಳಿಗೆ 30. ಆಕ್ಸೆಸ್ ಪಾಯಿಂಟ್ ಸೇರುವ ಸ್ವಿಚ್ ಪೋರ್ಟ್ ಹಲವು ವಿ-ಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಟ್ರಂಕ್ ಆಗಿರಬೇಕು ಮತ್ತು ಅದರಲ್ಲಿ 20ಕ್ಕೆ ಅನುಮತಿ ಇರಬೇಕು. ನಡುವೆ ಸಿಕ್ಕುವ ಪ್ರತಿಯೊಂದು ಸ್ವಿಚ್‌ನಲ್ಲೂ ಇದನ್ನು ಪರಿಶೀಲಿಸಿ. ಒಂದು ಮಹಡಿಯ ಫೋನುಗಳಿಗೆ ಮಾತ್ರ ವಿಳಾಸ ಸಿಗದಿದ್ದರೆ ನೂರಕ್ಕೆ ತೊಂಬತ್ತು ಪಾಲು ಆ ಮಹಡಿಯ ಸ್ವಿಚ್‌ನಲ್ಲಿ 20 ಮರೆತುಹೋಗಿರುತ್ತದೆ.

ವಿಳಾಸ ಮತ್ತು ಸಮಯ

ಫೋನುಗಳ ವಿ-ಲ್ಯಾನ್‌ಗೆ 10.20.20.0/24 ಎಂಬ ಜಾಲವನ್ನು ಇಟ್ಟುಕೊಂಡರೆ 254 ವಿಳಾಸಗಳು ಸಿಗುತ್ತವೆ. ಗೇಟ್‌ವೇ 10.20.20.1, ಪಿಬಿಎಕ್ಸ್‌ಗೆ ಕಾಯಂ ವಿಳಾಸವಾಗಿ 10.20.20.10, ಹ್ಯಾಂಡ್‌ಸೆಟ್‌ಗಳಿಗೆ 10.20.20.50ರಿಂದ 200ರವರೆಗೆ, ವಿಳಾಸವನ್ನು ತಾನಾಗಿ ಕೊಡುವ ಡಿಎಚ್‌ಸಿಪಿ ಮೂಲಕ ಎಂದು ಹಂಚಿ. ಹ್ಯಾಂಡ್‌ಸೆಟ್‌ಗಳಿಗೆ ಕೈಯಾರೆ ಸ್ಥಿರ ವಿಳಾಸ ಬರೆಯುವ ಹಳೆಯ ಅಭ್ಯಾಸವನ್ನು ಬಿಡಿ. ರಿಪೇರಿಗೆ ಹೋಗಿ ಬಂದ ಫೋನ್ ಮತ್ತು ಅದರ ಬದಲಿಗೆ ಬಂದ ಫೋನ್ ಒಂದೇ ವಿಳಾಸಕ್ಕೆ ಜಗಳವಾಡುವುದನ್ನು ನೋಡಿದ ಮೇಲೆ ಯಾರೂ ಅದನ್ನು ಮತ್ತೆ ಮಾಡುವುದಿಲ್ಲ.

ಡಿಎಚ್‌ಸಿಪಿಯಲ್ಲಿ ವಿಳಾಸದ ಜೊತೆಗೆ ಕೆಲವು ಆಯ್ಕೆಗಳನ್ನೂ ತುಂಬಬೇಕು. ಫೋನ್ ತನ್ನ ಕಾನ್ಫಿಗರೇಶನ್ ಕಡತವನ್ನು ಎಲ್ಲಿಂದ ತರಬೇಕೆಂಬುದನ್ನು ಸಾಮಾನ್ಯವಾಗಿ ಆಯ್ಕೆ 66 ಹೇಳುತ್ತದೆ; ಸಿಸ್ಕೋ ಫೋನುಗಳು ಆಯ್ಕೆ 150ನ್ನು ನೋಡುತ್ತವೆ. ಸಮಯದ ಸರ್ವರ್ ಆಯ್ಕೆ 42ರಲ್ಲಿ ಬರುತ್ತದೆ. ಇಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ ಹೊಂದಿಸಿಕೊಂಡ ಸ್ಥಳೀಯ ಸರ್ವರನ್ನು ಕೊಡುವುದು ಸರಿ. ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಹೇಳುವುದೂ ಅದನ್ನೇ. ಸಮಯದ ಅಂತರವನ್ನು ಆಯ್ಕೆ 2ರಲ್ಲಿ ಕೊಡುವುದಾದರೆ ಅದು ಸೆಕೆಂಡುಗಳಲ್ಲಿರಬೇಕು: ಐದೂವರೆ ಗಂಟೆಗೆ 19800. ಕೆಲವು ಫೋನುಗಳ ಮೆನುವಿನಲ್ಲಿ ಅರ್ಧ ಗಂಟೆಯ ಅಂತರವನ್ನು ಆರಿಸುವುದೇ ಹರಸಾಹಸ, ಆದ್ದರಿಂದ ಇಲ್ಲಿಂದಲೇ ಕೊಡುವುದು ಸುಲಭ. ಸಮಯವೇನು ಮಹಾ ಎನ್ನಬೇಡಿ. ಗೂಢಲಿಪೀಕರಣಕ್ಕೆ ಪ್ರಮಾಣಪತ್ರ ಬಳಸಿದ್ದರೆ ಗಡಿಯಾರ ತಪ್ಪಿದ ಫೋನ್ ಆ ಪತ್ರವನ್ನೇ ಒಪ್ಪದೆ ನೋಂದಣಿಗೆ ನಿರಾಕರಿಸುತ್ತದೆ.

ಮಾತಿಗೆ ಮೊದಲ ಸಾಲು

ಈ ಭಾಗವನ್ನು ನಿಧಾನವಾಗಿ ಓದಿ, ಏಕೆಂದರೆ ಇಲ್ಲಿನ ತಪ್ಪು ಪರೀಕ್ಷೆಯ ದಿನ ಕಾಣಿಸುವುದಿಲ್ಲ, ಹೊರರೋಗಿಗಳ ವಿಭಾಗ ತುಂಬಿದ ಸೋಮವಾರ ಬೆಳಿಗ್ಗೆ ಕಾಣಿಸುತ್ತದೆ.

ಮಾತಿನ ಪ್ಯಾಕೆಟ್‌ಗೆ ಫೋನ್ ಒಂದು ಗುರುತು ಹಚ್ಚುತ್ತದೆ. ಡಿಎಸ್‌ಸಿಪಿ ಎಂಬ ಆ ಗುರುತು ಮಾತಿಗೆ 46, ಸಿಪ್ ಸಂಕೇತಕ್ಕೆ ಸಾಮಾನ್ಯವಾಗಿ 24 ಇರುತ್ತದೆ. ಹ್ಯಾಂಡ್‌ಸೆಟ್ಟಿನ ಖಾನೆ ಡಿಎಸ್‌ಸಿಪಿಯನ್ನು ಕೇಳುತ್ತಿದೆಯೋ ಅದೇ ಗುರುತಿನ ಹಳೆಯ ರೂಪವಾದ ಟಿಓಎಸ್ ಅನ್ನು ಕೇಳುತ್ತಿದೆಯೋ ನೋಡಿಕೊಳ್ಳಿ. ಟಿಓಎಸ್ ಆದರೆ ಅದೇ 46ನ್ನು 184 ಎಂದು ಬರೆಯಬೇಕು. ತಂತಿಯ ಮೇಲೆ ಈ ಗುರುತನ್ನು ಸ್ವಿಚ್‌ಗಳು ನಂಬುವಂತೆ ಹೊಂದಿಸಬೇಕು, ಏಕೆಂದರೆ ಅನೇಕ ಸ್ವಿಚ್‌ಗಳು ಹಾಗೆ ಹೇಳದಿದ್ದರೆ ಗುರುತನ್ನು ಕಡೆಗಣಿಸುತ್ತವೆ ಇಲ್ಲವೇ ಅಳಿಸಿಹಾಕುತ್ತವೆ.

ಗಾಳಿಯಲ್ಲಿ ಈ ಗುರುತು ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಡಬ್ಲ್ಯುಎಂಎಂ ಎಂಬ ವ್ಯವಸ್ಥೆಯಲ್ಲಿ ಮಾತು, ವಿಡಿಯೋ, ಸಾಮಾನ್ಯ, ಹಿನ್ನೆಲೆ ಎಂದು ನಾಲ್ಕು ಸಾಲುಗಳಿವೆ. 0ಯಿಂದ 7ರವರೆಗಿನ ಆದ್ಯತೆಗಳಲ್ಲಿ 6 ಮತ್ತು 7 ಮಾತಿನ ಸಾಲಿಗೆ, 4 ಮತ್ತು 5 ವಿಡಿಯೋ ಸಾಲಿಗೆ ಸೇರಿವೆ. ಎಡವಟ್ಟು ಇರುವುದು ಅನುವಾದದಲ್ಲಿ. 46ನ್ನು ದ್ವಿಮಾನದಲ್ಲಿ ಬರೆದರೆ 101110. ಹಲವು ಉಪಕರಣಗಳು ಅದರ ಮೊದಲ ಮೂರು ಬಿಟ್‌ಗಳಾದ 101ನ್ನಷ್ಟೇ ತೆಗೆದುಕೊಳ್ಳುತ್ತವೆ, ಅಂದರೆ 5. ಹೀಗೆ ಸ್ವಿಚ್‌ನಿಂದ ಮರ್ಯಾದೆಯಾಗಿ ಬಂದ ಮಾತು ಆಕ್ಸೆಸ್ ಪಾಯಿಂಟಿನಲ್ಲಿ ವಿಡಿಯೋ ಸಾಲಿಗೆ ಬಿದ್ದು, ರೋಗಿಯ ಬಂಧುಗಳು ನೋಡುತ್ತಿರುವ ಕ್ರಿಕೆಟ್ ಪಂದ್ಯದ ಹಿಂದೆ ನಿಲ್ಲುತ್ತದೆ. ಕಂಟ್ರೋಲರಿನಲ್ಲಿ ಡಿಎಸ್‌ಸಿಪಿ 46 ಎಂದರೆ ಆದ್ಯತೆ 6 ಎಂದು ಸ್ಪಷ್ಟವಾಗಿ ಬರೆಯಿರಿ. ಇಂಟರ್‌ನೆಟ್ ಮಾನದಂಡಗಳ ದಾಖಲೆಗಳಲ್ಲಿ ಒಂದಾದ 2018ರ ಆರ್‌ಎಫ್‌ಸಿ 8325 ಶಿಫಾರಸು ಮಾಡುವುದೂ ಇದನ್ನೇ. ಇದೇ ಡಬ್ಲ್ಯುಎಂಎಂ ಪುಟದಲ್ಲಿ ಯು-ಎಪಿಎಸ್‌ಡಿ ಎಂಬ ವಿದ್ಯುತ್ ಉಳಿತಾಯದ ಆಯ್ಕೆಯೂ ಇರುತ್ತದೆ. ಅದನ್ನು ಚಾಲೂ ಮಾಡಿದರೆ ಹ್ಯಾಂಡ್‌ಸೆಟ್ ಎರಡು ಪ್ಯಾಕೆಟ್‌ಗಳ ನಡುವಿನ ಬಿಡುವಿನಲ್ಲಿ ಕಣ್ಣು ಮುಚ್ಚಿ ಬ್ಯಾಟರಿ ಉಳಿಸುತ್ತದೆ.

ಭದ್ರತೆ, ಅಲೆದಾಟ, ಮತ್ತು ಆ ಸಂಜೆಯ ತಪ್ಪು

ಫೋನುಗಳಿಗೆ ಬೇರೆಯೇ ವೈ-ಫೈ ಹೆಸರನ್ನು ಕೊಡಿ, ಆದರೆ ಒಟ್ಟು ಹೆಸರುಗಳು ಮೂರು ನಾಲ್ಕನ್ನು ಮೀರದಿರಲಿ, ಪ್ರತಿಯೊಂದು ಹೆಸರಿನ ಬೀಕನ್‌ಗಳೂ ಗಾಳಿಯನ್ನು ಬಳಸುತ್ತವೆ. ಹೆಸರನ್ನು ಬಚ್ಚಿಡುವುದರಿಂದ ಭದ್ರತೆ ಹೆಚ್ಚುವುದಿಲ್ಲ.

ಒಂದು ಆಕ್ಸೆಸ್ ಪಾಯಿಂಟಿನಿಂದ ಇನ್ನೊಂದಕ್ಕೆ ಯಾವಾಗ ಜಿಗಿಯಬೇಕೆಂಬುದನ್ನು ನಿರ್ಧರಿಸುವುದು ಹ್ಯಾಂಡ್‌ಸೆಟ್, ಕಂಟ್ರೋಲರ್ ಅಲ್ಲ. ಹಾಗೆ ಜಿಗಿದಾಗ ಪ್ರತಿಸಲವೂ ಹೊಸದಾಗಿ ಗುರುತು ಸಾಬೀತುಪಡಿಸಬೇಕಾದರೆ, ಅದೂ 802.1ಎಕ್ಸ್ ಬಳಸಿ ದೂರದ ಸರ್ವರನ್ನು ಕೇಳಬೇಕಾದರೆ, ಮಾತು ಕಿವಿಗೆ ತಿಳಿಯುವಷ್ಟು ಕಡಿಯುತ್ತದೆ. 802.11ಆರ್ ಎಂಬ ವೇಗದ ವರ್ಗಾವಣೆ ಇದಕ್ಕಾಗಿಯೇ ಬಂದದ್ದು, 802.11ಕೆ ನೆರೆಯ ಆಕ್ಸೆಸ್ ಪಾಯಿಂಟ್‌ಗಳ ಪಟ್ಟಿಯನ್ನು ಮೊದಲೇ ಕೊಟ್ಟು ಹುಡುಕಾಟವನ್ನು ಕಡಿಮೆ ಮಾಡುತ್ತದೆ. ನಿಮ್ಮ ಹ್ಯಾಂಡ್‌ಸೆಟ್ ಇವನ್ನು ಬಲ್ಲದೆಂದು ಖಚಿತಪಡಿಸಿಕೊಂಡೇ ಚಾಲೂ ಮಾಡಿ, ತಿಳಿಯದ ಹಳೆಯ ಫೋನುಗಳು ಆ ಹೆಸರಿಗೆ ಸೇರಲೇ ಒಪ್ಪದಿರಬಹುದು. ಇಪ್ಪತ್ತು ಮೂವತ್ತು ಫೋನುಗಳ ಸಣ್ಣ ಸ್ಥಳಕ್ಕೆ ಉದ್ದನೆಯ ಪಾಸ್‌ವರ್ಡ್ ಇರುವ ಡಬ್ಲ್ಯುಪಿಎ2 ಸಾಕು ಎಂಬುದು ನನ್ನ ಅನುಭವ. ಆದರೆ ಫೋನ್ ಕಳೆದುಹೋದ ದಿನ ಆ ಪಾಸ್‌ವರ್ಡನ್ನು ಎಲ್ಲ ಕಡೆ ಬದಲಿಸುವ ತಾಳ್ಮೆ ಬೇಕು.

ಈಗ ನರ್ಸಿಂಗ್ ಹೋಮಿನ ವಿಷಯ. ಫೋನುಗಳ ವೈ-ಫೈ ಹೆಸರನ್ನು ಸೃಷ್ಟಿಸುವಾಗ ಸಮಯ ಉಳಿಸಲೆಂದು ನಾನು ಅತಿಥಿಗಳ ಹೆಸರಿನ ಸೆಟ್ಟಿಂಗನ್ನೇ ನಕಲು ಮಾಡಿ ಹೆಸರು, ವಿ-ಲ್ಯಾನ್, ಪಾಸ್‌ವರ್ಡ್ ಬದಲಿಸಿದ್ದೆ. ಅತಿಥಿಗಳು ಒಬ್ಬರ ಸಾಧನವನ್ನು ಇನ್ನೊಬ್ಬರು ಮುಟ್ಟದಂತೆ ತಡೆಯುವ ಕ್ಲೈಂಟ್ ಐಸೊಲೇಶನ್ ಎಂಬ ಗುರುತು ಅದರೊಂದಿಗೆ ಬಂದುಬಿಟ್ಟಿತ್ತು. ಸಿಪ್ ಸಂಕೇತ ಹೋಗುವುದು ತಂತಿಯ ಮೇಲಿರುವ ಪಿಬಿಎಕ್ಸ್‌ಗೆ, ಅದಕ್ಕೆ ತಡೆ ಇಲ್ಲ, ಆದ್ದರಿಂದ ಗಂಟೆ ಬಾರಿಸಿತು. ಹೊರಗಿನ ಕರೆಯ ಮಾತು ಪಿಬಿಎಕ್ಸ್ ಮೂಲಕವೇ ಹೋಗುವುದರಿಂದ ಅದೂ ಸರಿಯಾಗಿತ್ತು. ಒಳಗಿನ ಕರೆಯ ಮಾತು ಮಾತ್ರ ಫೋನಿನಿಂದ ಫೋನಿಗೆ ನೇರವಾಗಿ ಹೋಗಲು ನೋಡಿ ಆಕ್ಸೆಸ್ ಪಾಯಿಂಟಿನ ಬಾಗಿಲಲ್ಲೇ ನಿಂತಿತ್ತು. ಒಂದು ಟಿಕ್ ತೆಗೆದ ಮೇಲೆ ಸಿಸ್ಟರಿಗೆ ಔಷಧ ವಿಭಾಗದ ದನಿ ಕೇಳಿತು. ಅದನ್ನು ಹುಡುಕಲು ನನಗೆ ಹಿಡಿದದ್ದು ಎರಡೂವರೆ ಗಂಟೆ.

ಪಿಬಿಎಕ್ಸ್ ಮತ್ತು ಹ್ಯಾಂಡ್‌ಸೆಟ್

ಹ್ಯಾಂಡ್‌ಸೆಟ್ಟಿನ ಸಿಪ್ ಪುಟದಲ್ಲಿ ಸರ್ವರ್ ವಿಳಾಸ 10.20.20.10, ಪೋರ್ಟ್ 5060 ಎಂದು ಬರೆಯಿರಿ. ಸಂಕೇತವನ್ನು ಗೂಢಲಿಪಿಯಲ್ಲಿ ಕಳಿಸುವ ಟಿಎಲ್‌ಎಸ್ ಬಳಸುವುದಾದರೆ 5061. ಪಾಸ್‌ವರ್ಡ್ ಎಕ್ಸ್‌ಟೆನ್ಶನ್ ಸಂಖ್ಯೆಯೇ ಆಗಿರಬಾರದು. ಕೋಡೆಕ್ ಪಟ್ಟಿಯಲ್ಲಿ ಮೊದಲು ಜಿ.711 ಎ-ಲಾ ಇರಲಿ, ಭಾರತದ ದೂರವಾಣಿ ಜಾಲ ಬಳಸುವುದು ಅದನ್ನೇ. ಅಮೆರಿಕದ ಕಾರ್ಖಾನೆ ಸೆಟ್ಟಿಂಗಿನೊಂದಿಗೆ ಬಂದ ಫೋನುಗಳಲ್ಲಿ ಅದರ ಇನ್ನೊಂದು ರೂಪವಾದ ಮ್ಯೂ-ಲಾ ಮೇಲಿರುತ್ತದೆ. ಪ್ಯಾಕೆಟ್ ಅವಧಿ 20 ಮಿಲಿಸೆಕೆಂಡು. ಬ್ಯಾಂಕಿನ “ಕನ್ನಡಕ್ಕಾಗಿ ಎರಡನ್ನು ಒತ್ತಿ” ಎಂಬಂಥ ಧ್ವನಿಗಳಿಗೆ ಒತ್ತಿದ ಅಂಕಿ ತಲುಪಬೇಕಾದರೆ ಡಿಟಿಎಂಎಫ್ ವಿಧಾನವಾಗಿ ಆರ್‌ಎಫ್‌ಸಿ 2833 ಅಥವಾ 4733 ಎಂದಿರುವುದನ್ನು ಆರಿಸಿ.

ಎಕ್ಸ್‌ಟೆನ್ಶನ್ ಸಂಖ್ಯೆಗಳನ್ನು 1ರಿಂದ ಆರಂಭಿಸಬೇಡಿ. 101, 102, 103 ಎಂದು ಕೊಡುತ್ತ ಹೋದರೆ 108 ಮತ್ತು 112 ಯಾರದೋ ಮೇಜಿನ ಸಂಖ್ಯೆಯಾಗಿ, ತುರ್ತು ಕರೆ ಹೊರಗೆ ಹೋಗುವ ಬದಲು ಸ್ಟೋರ್ ರೂಮಿನಲ್ಲಿ ಗಂಟೆ ಬಾರಿಸುತ್ತದೆ. 201 ಅಥವಾ 301ರಿಂದ ಶುರುಮಾಡಿ; 100, 101, 108, 112 ಇವು ಮುಂದೆ ಯಾವ ಅಂಕಿಯನ್ನೂ ಒತ್ತದೆ ನೇರವಾಗಿ ಹೊರಗೆ ಹೋಗುವಂತೆ ಡಯಲ್ ಪ್ಲಾನ್ ಬರೆಯಿರಿ. ಹೊರಸಾಲಿಗೆ 0 ಇಟ್ಟಿದ್ದರೆ ಇನ್ನೊಂದು ಸಂಗತಿಯನ್ನು ನೆನಪಿಡಬೇಕು: 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡಲು ಹತ್ತು ಅಂಕಿಗಳ ಮುಂದೆ 0 ಬೇಕು, ಆದ್ದರಿಂದ ಬಳಕೆದಾರರು ಎರಡು ಸೊನ್ನೆ ಒತ್ತಬೇಕಾಗುತ್ತದೆ. ಹತ್ತು ಅಂಕಿಯ ಮೊಬೈಲ್ ಸಂಖ್ಯೆಗೆ ಪಿಬಿಎಕ್ಸ್ ತಾನೇ ಸೊನ್ನೆ ಸೇರಿಸುವಂತೆ ಮಾಡಿಬಿಟ್ಟರೆ ಯಾರಿಗೂ ಪಾಠ ಹೇಳುವ ಕೆಲಸವಿಲ್ಲ.

ಪಿಬಿಎಕ್ಸ್ ಅನ್ನು ದೂರವಾಣಿ ಕಂಪನಿಗೆ ಜೋಡಿಸುವ ಹೊರಗಿನ ಸಿಪ್ ಟ್ರಂಕ್ ಇದ್ದರೆ ರೂಟರಿನಲ್ಲಿ ಸಿಪ್ ಎಎಲ್‌ಜಿ ಎಂಬುದನ್ನು ಬಂದ್ ಮಾಡಿ. ಸಹಾಯ ಮಾಡುವ ಹೆಸರಿನಲ್ಲಿ ಅದು ಪ್ಯಾಕೆಟ್‌ನೊಳಗಿನ ವಿಳಾಸಗಳನ್ನು ತಿದ್ದಿ ಒಂದು ಕಡೆಯ ದನಿಯನ್ನು ಕಳೆಯುವುದೇ ಹೆಚ್ಚು. ಹೊರಗೆ ಕರೆ ಹೋಗುತ್ತದೆ, ಒಳಗೆ ಬರುವ ಕರೆ ಮಾತ್ರ ಸ್ವಲ್ಪ ಹೊತ್ತಿನ ಮೇಲೆ ಬರುವುದಿಲ್ಲ ಎಂದಾದರೆ, ಫೈರ್‌ವಾಲ್ ಯುಡಿಪಿ ಬಾಗಿಲನ್ನು ಮುಚ್ಚಿದೆ ಎಂದರ್ಥ; 20–30 ಸೆಕೆಂಡಿಗೊಮ್ಮೆ ಆ ಬಾಗಿಲನ್ನು ತೆರೆದಿಡುವ ಕೀಪ್-ಅಲೈವ್ ಎಂಬ ಪುಟ್ಟ ಪ್ಯಾಕೆಟ್ ಕಳಿಸುವಂತೆ ಹೊಂದಿಸಿ.

ಪರೀಕ್ಷೆ

ಒಬ್ಬರು ಕುಳಿತಿರಲಿ, ಇನ್ನೊಬ್ಬರು ಒಂದರಿಂದ ನೂರರವರೆಗೆ ಜೋರಾಗಿ ಎಣಿಸುತ್ತ ಕಟ್ಟಡವನ್ನು ಸುತ್ತಲಿ. ಕುಳಿತವರು ಕೇಳದೆ ಹೋದ ಸಂಖ್ಯೆಗಳನ್ನು ಬರೆದುಕೊಳ್ಳಲಿ. ಆಮೇಲೆ ಪಾತ್ರ ಬದಲಿಸಿ, ಏಕೆಂದರೆ ಎರಡು ದಿಕ್ಕಿನ ದಾರಿಗಳೂ ಬೇರೆ. ಮೆಟ್ಟಿಲು, ಅಗ್ನಿಬಾಗಿಲು ಮುಚ್ಚಿದ ಓಣಿ, ಶೌಚಾಲಯ, ತಾರಸಿ ಯಾವುದನ್ನೂ ಬಿಡಬೇಡಿ. ಲಿಫ್ಟ್ ಲೋಹದ ಪೆಟ್ಟಿಗೆ, ಅದರೊಳಗೆ ಕರೆ ಉಳಿಯಬೇಕೆಂದರೆ ಅದಕ್ಕೆ ಪ್ರತ್ಯೇಕ ಏರ್ಪಾಡು ಬೇಕು, ಇಲ್ಲವಾದರೆ ಅಲ್ಲಿ ಕಡಿಯುತ್ತದೆಂದು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತನ. ಪಿಬಿಎಕ್ಸ್‌ನ ವರದಿಯಲ್ಲಿ ಪ್ಯಾಕೆಟ್ ನಷ್ಟ ಶೇ. 1ರೊಳಗೆ, ಪ್ಯಾಕೆಟ್‌ಗಳು ಬರುವ ಅಂತರದ ಏರುಪೇರಾದ ಜಿಟ್ಟರ್ 30 ಮಿಲಿಸೆಕೆಂಡಿನೊಳಗೆ, ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದೆಯೇ ನೋಡಿ. ಹೊರರೋಗಿಗಳ ಸಾಲು ಉದ್ದವಾಗಿರುವ ಹೊತ್ತಿನಲ್ಲಿ ಇದೆಲ್ಲವನ್ನೂ ಇನ್ನೊಮ್ಮೆ ಮಾಡಿ.

ಕೊನೆಗೆ ಮುಖ್ಯ ವಿದ್ಯುತ್ ಸ್ವಿಚ್ ಬಂದ್ ಮಾಡಿ. ಬೆಸ್ಕಾಂ ಕರೆಂಟ್ ಹೋಗಿ ಜನರೇಟರ್ ಹಿಡಿಯುವವರೆಗಿನ ಅರೆನಿಮಿಷದಲ್ಲಿ ಯುಪಿಎಸ್ ಮೇಲೆ ಇರಬೇಕಾದದ್ದು ಪಿಬಿಎಕ್ಸ್ ಒಂದೇ ಅಲ್ಲ; ಪ್ರತಿ ಮಹಡಿಯ ಪಿಓಇ ಸ್ವಿಚ್, ಡಿಎಚ್‌ಸಿಪಿ ಕೊಡುವ ರೂಟರ್, ಕಂಟ್ರೋಲರ್ ಎಲ್ಲವೂ ಇರಬೇಕು. ಆ ಅರೆನಿಮಿಷದಲ್ಲಿ ಒಂದು ಕರೆಯಲ್ಲಿ ಎಣಿಸುತ್ತಲೇ ಇರಿ. ಜಯನಗರದಲ್ಲಿ ನಾವು ಎಣಿಸುತ್ತಿದ್ದಾಗ ದನಿ ಮೂವತ್ತೇಳಕ್ಕೆ ನಿಂತಿತು, ಮೂರನೆಯ ಮಹಡಿಯ ಸ್ವಿಚ್ಚಿನ ಪ್ಲಗ್ಗನ್ನು ಯಾರೋ ಯುಪಿಎಸ್ ಸಾಕೆಟ್ಟಿನ ಬದಲು ಪಕ್ಕದ ಸಾಕೆಟ್ಟಿಗೆ ಚುಚ್ಚಿದ್ದರು.